ಒಡ್ಡಿಗೆ ನೀರು ಹಾಕಿದ ಭಿಸ್ತಿ ಚಾಚಾ

ಭಿಸ್ತಿ ಚಾಚಾರ ಬಲಮಗ್ಗುಲು ಯಾವಾಗಲೂ ಒದ್ದೆ. ಬೆನ್ನಿಗೆ ಹೊತ್ತ ತೊಗಲ ಚೀಲದ ಬಾಯಿ ಬಲಗಂಕುಳಿನ ಕೆಳಗೆ ಬರುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದರೂ ಹನಿ ಸೋರಿ ಅಂಗಿಯ ಬಲಭಾಗ, ಲುಂಗಿಯ ಅಂಚು, ಬಲಗಾಲು ಎಲ್ಲ ತೊಯ್ದಿರುತ್ತಿದ್ದವು. ಎಡಗಡೆ ಕಲಬುರಗಿಯ ಬಿಸಿಲಿಗೆ ಖಣಖಣ ಒಣಗಿರುತ್ತಿತ್ತು. ಊರಿನ ಜಗತ್ ಎಂಬ ಓಣಿಯ ಕಡೆ ಇದ್ದ ನಮ್ಮ ಬಾಡಿಗೆ ಮನೆಯ ಕಲ್ಲುಹಾಸಿನ ಮೇಲೆ ದಿನಾ ಬೆಳಿಗ್ಗೆ ಒಂದೇ ಕಾಲಿನ ಗುರುತು ಸಾಲಾಗಿ ಬಿದ್ದಿರುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿ, "ಚಾಚಾ ಕುಂಟಿಕೋತ ಬಂದು ಹೋಗ್ಯಾರ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಆ ಮನುಷ್ಯನನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ನಲ್ಲಿ ಬರುವುದಕ್ಕೆ ಮುಂಚೆ ಊರಿನ ಮನೆಗಳಿಗೆ ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದವರು ಭಿಸ್ತಿಗಳು. ಮೇಕೆಯ ಇಡೀ ತೊಗಲನ್ನು ಹೊಲಿದು ಮಾಡಿದ ಆ ಚೀಲವೇ ಅವರ ಆಸ್ತಿ. ನಮ್ಮಂಥ ಲಿಂಗವಂತರ ಮನೆಗಳಲ್ಲಿ ಆ ನೀರು ಸ್ನಾನಕ್ಕೆ, ಬಳಕೆಗೆ, ಅಂಗಳಕ್ಕೆ ಮಾತ್ರ. ಕುಡಿಯುವ ನೀರನ್ನು ನನ್ನ ಹೆಂಡತಿ ತಾನೇ ಬಾವಿಯಿಂದ ಸೇದಿ ತರುತ್ತಿದ್ದಳು. ಇದು ಚಾಚಾರಿಗೆ ಗೊತ್ತಿತ್ತು, ಅದಕ್ಕೆ ಅವರಿಗೆ ಬೇಸರವೇನೂ ಇದ್ದಂತಿರಲಿಲ್ಲ. ಬೇಸರ ಪಡಬೇಕಾದವರು ನಾವು. ಹಂಡೆ ತಿಕ್ಕಿರದಿದ್ದರೆ ಅವರು ನೀರು ಸುರಿಯುತ್ತಲೇ ಇರಲಿಲ್ಲ. "ಬೇಟೀ, ಹಂಡ್ಯಾಗ ಹಾವಸಿ ಕಟ್ಟ್ಯದ. ತಿಕ್ಕು, ಆಮ್ಯಾಲ ಹಾಕ್ತೀನಿ" ಎಂದು ತುಂಬಿದ ಚೀಲ ಹೊತ್ತುಕೊಂಡೇ ಅಂಗಳದಲ್ಲಿ ನಿಂತುಬಿಡುವರು. ಅವಳು ಹುಣಸೆಹಣ್ಣು ಹುಡುಕಿ, ಹಂಡೆ ಬೋರಲು ಹಾಕಿ ತಿಕ್ಕಿ ಮುಗಿಸುವವರೆಗೆ ನಾನು ಮುಖಕ್ಕೆ ಸಾಬೂನು ಹಚ್ಚಿಕೊಂಡು ಒಂದು ಕಣ್ಣು ಮುಚ್ಚಿ ಕೂತಿರಬೇಕು. ಕಚೇರಿಗೆ ಹೊತ್ತಾಯಿತು ಎಂದರೆ, "ಕಚೇರಿ ಎಲ್ಲಿಗಿ ಓಡಿ ಹೋಗ್ತದ? ಅದಕ್ಕೇನು ಕಾಲದಾವೇನು?" ಎನ್ನುವರು.

ನಾನು ಕಮಲಾಪುರದವನು. ನಮ್ಮದು ಕೆಂಪು ಬಾಳೆಯ ತೋಟದ ಮನೆ. ಹೈದರಾಬಾದಿನಲ್ಲಿ ಓದಿ, ಸಬ್ ಓವರ್ಸಿಯರ್ ಆಗಿ, ತಲೆಗೆ ರುಮಾಲು ಸುತ್ತಿ ಠೀವಿಯಿಂದ ಓಡಾಡುತ್ತಿದ್ದವನು. ಚಾಚಾರಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ನನ್ನನ್ನು ಅವರು ಕರೆಯುತ್ತಿದ್ದುದು "ಬಾಳಿಹಣ್ಣು" ಎಂದು. ಮನೆಯಲ್ಲಿ ಕರೆದರೆ ಹೇಗೋ ಸಹಿಸಿಕೊಳ್ಳಬಹುದಿತ್ತು.

ಆಗ ಸರಕಾರದಿಂದ ಊರಿಗೆ ನೀರಿನ ಕೆರೆ ಕಟ್ಟಲು ಅಪ್ಪಣೆಯಾಯಿತು. ನಿಜಾಮರ ಸರಕಾರದ ಅಪ್ಪಣೆ ಎಂದರೆ ಕಾಗದ ಬರುವುದಕ್ಕೆ ವರ್ಷಗಟ್ಟಲೆ. ಬಂದ ಮೇಲೆ ನಿನ್ನೆಯೇ ಕೆಲಸ ಮುಗಿದಿರಬೇಕು. ಕಮಲಾಪುರದ ಕಡೆಗೆ ಹೋಗುವ ದಾರಿಯಲ್ಲಿ ಎರಡು ದಿಬ್ಬಗಳ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಅದಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಕಬ್ಬಿಣದ ಕೊಳವೆಯಲ್ಲಿ ಊರಿಗೆ ತರುವುದು ಯೋಜನೆ. ನಕ್ಷೆ ಬರೆದವರು ಹೈದರಾಬಾದಿನಿಂದ ಬಂದ ದೊಡ್ಡ ಇಂಜಿನಿಯರರು. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಒಡ್ಡಿನ ಕೆಲಸವನ್ನು ಅವರು ನನಗೆ ವಹಿಸಿದರು. ಒಡ್ಡಿನ ಎರಡೂ ಮೈಗೆ ಕಮಲಾಪುರದ ಕಡೆಯ ಕೆಂಪು ಗರಸು ಮಣ್ಣು, ನಡುವೆ ಬುನಾದಿಯಿಂದ ತುದಿಯವರೆಗೆ ಕಪ್ಪು ಎರೆಮಣ್ಣಿನ ಗೋಡೆ. ನೀರನ್ನು ತಡೆಯುವುದು ಆ ನಡುವಿನ ಗೋಡೆಯೇ. ಅದನ್ನು ಗೇಣು ದಪ್ಪದ ಪದರಗಳಾಗಿ ಹಾಸಿ, ಹೆಂಟೆ ಒಡೆದು, ನೀರು ಚಿಮುಕಿಸಿ, ಎತ್ತುಗಳಿಂದ ತುಳಿಸಿ, ಕಲ್ಲಿನ ಉರುಳೆ ಎಳೆಸಬೇಕು. ಎರೆಮಣ್ಣಿಗೆ ನೀರು ಕಡಿಮೆಯಾದರೆ ಹೆಂಟೆ ಹೆಂಟೆಯಾಗಿಯೇ ಉಳಿದು ಸಂದುಗಳಲ್ಲಿ ನೀರು ನುಗ್ಗುತ್ತದೆ. ಹೆಚ್ಚಾದರೆ ರಾಡಿಯಾಗಿ ಎತ್ತಿನ ಕಾಲು ಹೂಳುತ್ತದೆ.

ನೀರು ಚಿಮುಕಿಸಲು ಭಿಸ್ತಿಗಳು ಬೇಕಲ್ಲ. ದೊಡ್ಡ ಸಾಹೇಬರು ಊರಿನಿಂದ ಭಿಸ್ತಿಗಳ ಒಂದು ತಂಡವನ್ನು ಕರೆಸಿದರು. ತಂಡದ ಮುಂದೆ ಯಾರು ಬರುತ್ತಿದ್ದಾರೆ ಎಂದು ನೋಡಿದರೆ ಚಾಚಾ!

"ಏ ಬಾಳಿಹಣ್ಣು, ಇಲ್ಲೀ ಇದ್ದೀ ಏನು?" ಎಂದರು. ಕಮಲಾಪುರದಿಂದ ಬಂದ ಕೂಲಿಯವರೆಲ್ಲ ಬುಟ್ಟಿ ಕೆಳಗಿಟ್ಟು ನಕ್ಕರು. ಆ ದಿನದಿಂದ ನನ್ನ ಬೆನ್ನ ಹಿಂದೆ ಅದೇ ನನ್ನ ಹೆಸರಾಯಿತು.

ಹೆಸರಾದರೂ ಹೋಗಲಿ. ಕೆಲಸದಲ್ಲಿ ಅವರು ನನ್ನನ್ನು ಗೋಳು ಹೊಯ್ದುಕೊಂಡದ್ದನ್ನು ಹೇಗೆ ಹೇಳಲಿ? ಒಂದು ಪದರಕ್ಕೆ ಎಷ್ಟು ಚೀಲ ನೀರು ಎಂದು ದೊಡ್ಡ ಸಾಹೇಬರು ಗೊತ್ತು ಮಾಡಿ ಬರೆದುಕೊಟ್ಟಿದ್ದರು. ನಾನು ಆ ಕಾಗದ ಹಿಡಿದು ನಿಲ್ಲುವೆ. ಚಾಚಾ ಕಾಗದದ ಕಡೆ ನೋಡುವುದೂ ಇಲ್ಲ. ಒಂದು ಹಿಡಿ ಮಣ್ಣು ತೆಗೆದು, ಒತ್ತಿ ಉಂಡೆ ಮಾಡಿ, ಎದೆಯ ಮಟ್ಟದಿಂದ ಕೆಳಗೆ ಬಿಡುವರು. ಉಂಡೆ ಪುಡಿಯಾದರೆ, "ನಕ್ಕೋ, ಬ್ಯಾಡ, ಉರುಳಿ ತರಬ್ಯಾಡ್ರಿ. ಮಣ್ಣಿಗಿ ಇನ್ನಾ ನೀರಡಿಕಿ ಅದ." ಉಂಡೆ ಅಪ್ಪಚ್ಚಿಯಾಗಿ ಅಂಟಿದರೆ, "ಹೊಟ್ಟಿ ತುಂಬ್ಯದ, ಗಾಳಿಗಿ ಬಿಡ್ರಿ." ಎರಡಾಗಿ ಒಡೆದು ಬಿದ್ದರೆ ಮಾತ್ರ "ಹೌ" ಎಂದು ತಲೆಯಾಡಿಸುವರು. ಆ ಒಂದು "ಹೌ" ಬರುವವರೆಗೆ ಎತ್ತು, ಆಳು, ನಾನು ಎಲ್ಲರೂ ಬಿಸಿಲಲ್ಲಿ ಕಾಯಬೇಕು. ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು. ಗಾಳಿ ಬೀಸಿದರೆ ಮತ್ತೊಂದು. ನಾನು ಕಾಗದ ತೋರಿಸಿದರೆ, "ಆ ಕಾಗದ ಬರದಾಗ ಬಿಸಿಲಿತ್ತೋ, ಮಬ್ಬಿತ್ತೋ?" ಎಂದು ಕೇಳುವರು. ಉತ್ತರ ಹೇಳಿದರೆ ವಾದ, ಹೇಳದಿದ್ದರೆ ಸೋಲು. ನಾನು ಹಲ್ಲು ಕಡಿಯುತ್ತ ಆ ಕಡೆ ಹೋಗಿಬಿಡುತ್ತಿದ್ದೆ.

ಹಾಗೆಂದು ಅವರು ಎಲ್ಲ ಬಲ್ಲವರೇನಲ್ಲ. ಕಬ್ಬಿಣದ ಕೊಳವೆಯಲ್ಲಿ ಅಷ್ಟು ದೂರ ನೀರು ಹೋಗುವುದೇ ಸುಳ್ಳು, ನಡುದಾರಿಯಲ್ಲಿ ಅದಕ್ಕೆ ದಣಿವಾಗುತ್ತದೆ ಎಂದು ಕೊನೆಯವರೆಗೂ ವಾದಿಸಿದರು. ಉರುಳೆ ಎಳೆಯುವ ಜೋಡಿಯಲ್ಲಿ ಕೋಡು ಮುರಿದ ಎತ್ತು ಇರಬಾರದು ಎಂದು ಒಂದು ದಿನ ಅರ್ಧ ಹೊತ್ತು ಕೆಲಸ ಕೆಡಿಸಿದರು. ಇದನ್ನೆಲ್ಲ ನಾನು ಮರೆತಿಲ್ಲ.

ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದಾಗ ಯಾವುದೋ ಮಾತಿಗೆ ನನ್ನ ತಾಳ್ಮೆ ತಪ್ಪಿತು. "ಚಾಚಾ, ಇಷ್ಟು ಬಡಿದಾಡ್ತೀರಲ್ಲ, ಈ ಕೆರಿ ಆತಂದ್ರ ಮನಿ ಮನಿಗಿ ನಲ್ಲಿ ಬರ್ತದ. ಆವಾಗ ನಿಮ್ಮ ನೀರು ಯಾರಿಗಿ ಬೇಕ್ರಿ? ನಿಮ್ಮ ಹೊಟ್ಟಿಗಿ ನೀವೇ ಕಲ್ಲು ಹಾಕ್ಕೊಳ್ಳಾಕತ್ತೀರಿ" ಎಂದುಬಿಟ್ಟೆ. ಅಂದ ಮೇಲೆ ಕೆಟ್ಟದೆನಿಸಿತು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅದು ನನಗ ಮೊದಲಽ ಗೊತ್ತದ. ಬ್ಯಾರೆ ಕಸಬ ನನಗ ಬರಂಗಿಲ್ಲ, ಈ ವಯಸ್ಸಿನ್ಯಾಗ ಕಲಿಯಾಂವನೂ ಅಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಲ್ಲಿ ಬಂದ ಮ್ಯಾಲ ಓಣಿ ಓಣಿಗಿ ನೀರು ಬಿಡಾಕ, ಕೀಲಿ ತಿರುವಾಕ ಮಂದಿ ಬೇಕಲ್ಲ? ಅದು ನಿನ್ನ ಕೈಯಾಗ ಅದ. ನನ್ನ ಹೆಸರು ಬರಿ" ಎಂದರು.

ಕೇಳುವ ರೀತಿಯೇ ಇದು? ಹತ್ತು ಜನ ಕೈಮುಗಿದು ಬೇಡಿಕೊಳ್ಳುವ ಕಾಯಂ ಕೆಲಸವನ್ನು ಇವರು ನನಗೆ ಹುಕುಂ ಮಾಡಿದಂತೆ ಕೇಳಿದರು. ಆದರೂ "ನೋಡೋಣ ಚಾಚಾ" ಎಂದೆ. ಅವರು ಅದನ್ನು ಮಾತು ಕೊಟ್ಟಂತೆಯೇ ತಿಳಿದುಕೊಂಡರು. ಮಾತು ಕೊಟ್ಟಂತೆಯೇ ನಾನು ಹೇಳಿದ್ದೂ ಹೌದು.

ಬೇಸಿಗೆ ಮುಗಿಯುತ್ತ ಬಂತು. ಮಳೆ ಹಿಡಿಯುವುದರೊಳಗೆ ಒಡ್ಡನ್ನು ಗುರುತಿನ ಗೂಟದವರೆಗೆ ಏರಿಸುತ್ತೇನೆ ಎಂದು ನಾನು ದೊಡ್ಡ ಸಾಹೇಬರಿಗೆ ಹೇಳಿದ್ದೆ. ಅಷ್ಟು ಏರದಿದ್ದರೆ ಹಳ್ಳದ ಮೊದಲ ಪ್ರವಾಹ ಅರ್ಧ ಒಡ್ಡಿನ ಮೇಲೆ ಹರಿದು ವರ್ಷದ ಕೆಲಸವನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಹಳ್ಳದ ನೀರು ಬತ್ತಿ ದೂರದ ಒಂದು ಮಡುವಿನಲ್ಲಿ ಮಾತ್ರ ಉಳಿದಿತ್ತು. ಭಿಸ್ತಿಗಳು ಹೋಗಿ ಬರುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಚಾಚಾ ತಂಗಿಯ ಮಗಳ ಮದುವೆ ಎಂದು ನಾಲ್ಕು ದಿನ ಕಮಲಾಪುರಕ್ಕೆ ಹೊರಟರು. ಹೊರಡುವಾಗ, "ನಾ ಬರೋತನಕ ಗರಸು ಹಾಕ್ರಿ, ನಡುವಿನ ಮಣ್ಣ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದರು. ನನಗೆ, ಸಬ್ ಓವರ್ಸಿಯರನಿಗೆ!

ನಾನು ಮುಟ್ಟಿದೆ. ಆ ನಾಲ್ಕು ದಿನಗಳಲ್ಲಿ ಎರೆಮಣ್ಣಿನ ಮೂರು ಪದರ ಹಾಸಿಸಿದೆ. ಉಂಡೆ ಇಲ್ಲ, ವಾದ ಇಲ್ಲ, ಕಾಯುವುದು ಇಲ್ಲ. ಇದ್ದ ನೀರನ್ನು ಸಿಕ್ಕಷ್ಟು ಚಿಮುಕಿಸಿ ಉರುಳೆ ಎಳೆಸಿದೆ. ಮೇಲೆ ನೋಡಲು ನೆಲ ಹಲಗೆಯಂತೆ ನುಣ್ಣಗಿತ್ತು. ಇಷ್ಟು ದಿನ ಈ ಮುದುಕನ ಮಾತು ಕೇಳಿ ಸುಮ್ಮನೆ ಹೊತ್ತು ಹಾಳು ಮಾಡಿದೆನಲ್ಲ ಎಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಚಾಚಾ ಬಂದರು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು. "ನಿಮ್ಮವ್ವನ್ನ ಕಂಡು ಬಂದೆ. ಆರಾಮ ಅದಾಳ. ನೀ ಸೊರಗಿ ಬಡವ ಆಗೀದಿ ಅಂತ ಅಂದೆ, ಇದು ಕೊಟ್ಟು ಕಳಿಸ್ಯಾಳ" ಎಂದು ನನ್ನ ಕೈಗಿತ್ತರು. ಒಡ್ಡು ಹತ್ತಿದರು. ನಡುಗೋಡೆಯ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತರು. ನನ್ನನ್ನು ಏನೂ ಕೇಳಲಿಲ್ಲ. ಒಬ್ಬ ಆಳಿನ ಕೈಯಿಂದ ಹಾರೆ ಇಸಿದುಕೊಂಡು ಮೊಣಕೈ ಆಳದ ಒಂದು ಗುಣಿ ತೋಡಿದರು. ಒಡ್ಡಿನ ಆ ತುದಿಯಲ್ಲಿ, ತಾವು ಹೋಗುವ ಮುಂಚೆ ಮುಗಿಸಿದ್ದ ಪದರ ಇನ್ನೂ ತೆರೆದೇ ಇತ್ತು. ಅಲ್ಲಿ ಅಷ್ಟೇ ಆಳದ ಇನ್ನೊಂದು ಗುಣಿ. ಎರಡಕ್ಕೂ ನೀರು ತುಂಬಿ, ಮೊದಲನೆಯ ಗುಣಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು.

"ಏಳ್ರಿ ಚಾಚಾ, ಎತ್ತು ಬರಾಕತ್ತಾವ" ಎಂದೆ.

"ಬರಲಿ. ನನ್ನ ಮ್ಯಾಲ ಹೊಡಿ."

ಅಷ್ಟರಲ್ಲಿ, ನನ್ನ ಹಣೆಬರಹ ನೋಡಿ, ದೊಡ್ಡ ಸಾಹೇಬರ ಮೋಟಾರು ಬಂತು. ಅವರು ಮೇಲೆ ಹತ್ತಿ ಬಂದಾಗ ಕಂಡದ್ದು ಇಷ್ಟು: ಕೆಲಸವೆಲ್ಲ ನಿಂತಿದೆ, ಭಿಸ್ತಿಯೊಬ್ಬ ಒಡ್ಡಿನ ನಡುವೆ ಕೂತಿದ್ದಾನೆ, ಸಬ್ ಓವರ್ಸಿಯರ್ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದಾನೆ. ಏನಿದು ಎಂದು ಉರ್ದುವಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಗುಣಿಯನ್ನು ತೋರಿಸಿದರು. ಅದರಲ್ಲಿ ನೀರು ಇರಲಿಲ್ಲ. ತಳದಲ್ಲಿ ಹೆಂಟೆಗಳ ನಡುವೆ ಬೆರಳು ಹೋಗುವಷ್ಟು ಸಂದು. ಆ ತುದಿಯ ಗುಣಿಯಲ್ಲಿ ನೀರು ತುಂಬಿದಷ್ಟೂ ಹಾಗೇ ನಿಂತು ಮೋಡ ಕಾಣಿಸುತ್ತಿತ್ತು. ದೊಡ್ಡ ಸಾಹೇಬರು ಎರಡನ್ನೂ ನೋಡಿದರು. ನನ್ನನ್ನು ನೋಡಿದರು. ಬೈಯಲಿಲ್ಲ. ಮೂರೂ ಪದರ ಕಿತ್ತು ಹೊಸದಾಗಿ ಹಾಕಿ ಎಂದು ಹೇಳಿ ಇಳಿದು ಹೋದರು.

ನಾನು ನೆಲದ ಒಳಗೆ ಇಳಿದುಹೋದಂತಾಯಿತು. "ಚಾಚಾ, ನನಗ ಒಬ್ಬಗಽ ಹೇಳಬಹುದಿತ್ತಲ್ಲ? ನಾಲ್ಕು ಮಂದ್ಯಾಗ ಮಾನ ಕಳೀಬೇಕಿತ್ತೇನು?" ಎಂದೆ.

"ಹೇಳಿದ್ರ ನೀ ಕೇಳ್ತಿದ್ದೀ ಏನು?" ಎಂದರು ಅವರು, ನಿಜವಾಗಿಯೂ ತಿಳಿಯಬೇಕೆಂಬಂತೆ.

ಕೇಳುತ್ತಿರಲಿಲ್ಲ. ಆದರೆ ಇಷ್ಟು ವರ್ಷಗಳಾದ ಮೇಲೂ ಒಂದು ಮಾತು ಹೇಳುತ್ತೇನೆ. ಆ ವರ್ಷ ಮಳೆ ತಡವಾಗಿ ಬಂತು. ಕಿತ್ತು ಹಾಕಿ ಮತ್ತೆ ಕಟ್ಟಲು ಹಗಲೆಲ್ಲ ದುಡಿದು, ಗೂಟದ ಮಟ್ಟ ಮುಟ್ಟಿದ ಮರುದಿನವೇ ಹಳ್ಳ ಬಂತು. ಮಳೆ ಎಂದಿನ ಹೊತ್ತಿಗೇ ಬಂದಿದ್ದರೆ ಚಾಚಾರ ಗುಣಿ, ನನ್ನ ಪದರ, ಎಲ್ಲವೂ ಹೋಗುತ್ತಿದ್ದವು. ಇದನ್ನು ಯಾರೂ ಹೇಳುವುದಿಲ್ಲ. ಕಮಲಾಪುರದಲ್ಲಿ ಜನ ಆಡಿಕೊಂಡು ನಕ್ಕಿದ್ದು ಬಾಳೆಹಣ್ಣು ಹಿಡಿದು ನಿಂತ ಸಬ್ ಓವರ್ಸಿಯರನ ಕಥೆಯನ್ನು ಮಾತ್ರ.

ಕೆರೆ ಮುಗಿಯಿತು. ಕೊಳವೆ ಊರು ಮುಟ್ಟಿತು. ಓಣಿಗಳಿಗೆ ನೀರು ಬಿಡುವ ಕಾಯಂ ಕೆಲಸಕ್ಕೆ ಯಾರು ಯಾರು ಯೋಗ್ಯರು ಎಂದು ದೊಡ್ಡ ಸಾಹೇಬರು ನನ್ನಿಂದ ಪಟ್ಟಿ ಕೇಳಿದರು. ಆಗ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಅವನ ಬಗ್ಗೆ ಎರಡು ಮಾತು ಬರೆಯಬೇಕು. ಚಾಚಾರ ಹೆಸರು ಬರೆದೆ. ಮುಂದೆ ಬರೆದೆ: "ವಯಸ್ಸಾಗಿದೆ. ಹೇಳಿದ ಮಾತು ಕೇಳುವುದಿಲ್ಲ." ಬಾಳೆಹಣ್ಣಿನ ಚಿಪ್ಪು, ಕೂಲಿಯವರ ನಗು, ಸಾಬೂನು ಹಚ್ಚಿಕೊಂಡು ಕೂತ ಬೆಳಗುಗಳು ಎಲ್ಲ ಸೇರಿ ಬರೆಸಿದವು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ನನ್ನ ಧೈರ್ಯ. ದೊಡ್ಡ ಸಾಹೇಬರು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದರು. ಆಮೇಲೆ ಆ ಹೆಸರನ್ನು ಹೊಡೆದು ಹಾಕಿದರು.

ನಲ್ಲಿ ಬಂದ ಹೊಸದರಲ್ಲಿ ನಮ್ಮ ಅವ್ವ ಕಮಲಾಪುರದಿಂದ ಬಂದಿದ್ದಳು. ನಲ್ಲಿಯ ಒಳಗೆ ತೊಗಲಿನ ಬಿಲ್ಲೆ ಇರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಆ ನೀರು ಮುಟ್ಟುವುದಿಲ್ಲ ಎಂದು ಕೂತುಬಿಟ್ಟಳು. ಅದೇ ಹೊತ್ತಿಗೆ ಚಾಚಾ ಅವಳನ್ನು ಮಾತಾಡಿಸಲು ಬಂದರು. ವಿಷಯ ತಿಳಿದು ಅಂಗಳದಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಕುಡಿ ತಂಗೀ, ಕುಡಿ. ಇಷ್ಟು ದಿನ ತೊಗಲು ನನ್ನ ಬೆನ್ನಿನ ಮ್ಯಾಲಿತ್ತು, ಈಗ ಸರಕಾರದ ಹೊಟ್ಟ್ಯಾಗ ಹೋಗ್ಯದ. ಸರಕಾರದ್ದು ಮಡಿ" ಎಂದರು. ಅವ್ವನೂ ನಕ್ಕಳು. ಕೆಲಸ ಸಿಗದ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಹೋದ ಮೇಲೆ ನನ್ನ ಹೆಂಡತಿ, "ಚಾಚಾನ್ನ ಯಾಕ ತಗೊಳ್ಳಲಿಲ್ರಿ? ನೀವು ಹೆಸರು ಬರಕೊಟ್ಟಿದ್ದಿರಲ್ಲ?" ಎಂದಳು. "ಮ್ಯಾಲಿನವರ ಹುಕುಂ" ಎಂದು ಹೇಳಿ ಎದ್ದು ಹೋದೆ.

ಕೊಳವೆ ಇಲ್ಲದ ಓಣಿಗಳಿಗೆ ಅವರು ನೀರು ಹೊರುತ್ತಿದ್ದರು. ಕೊಳವೆ ಮುಂದೆ ಮುಂದೆ ಹೋದಂತೆ ಅವರೂ ದೂರ ದೂರದ ಓಣಿಗಳಿಗೆ ಹೋದರು. ಕೊಳವೆ ಹಾಕಿಸುತ್ತಿದ್ದವನು ನಾನೇ. ಸ್ಟೇಶನ್ ಬಜಾರದ ಹಿಂದಿನ ಓಣಿಗೆ ಅಗೆಸುವಾಗ ಅವರು ಚೀಲ ಹೊತ್ತು ಎದುರಿಗೆ ಬಂದರು. "ಹಾಕು ಬಾಳಿಹಣ್ಣು, ಹಾಕು. ಆಳ ಕಮ್ಮಿ ಆಗ್ಯದ ನೋಡು" ಎಂದು ಹೇಳಿ ದಾಟಿ ಹೋದರು. ನೋಡಿದೆ. ಕಡಿಮೆಯೇ ಆಗಿತ್ತು. ಸಿಟ್ಟು ಬಂತು, ಮತ್ತೆ ಅಗೆಸಿದೆ.

ಕೆಲವು ವರ್ಷಗಳ ಮೇಲೆ ಒಂದು ದೊಡ್ಡ ಮಳೆಯಾಯಿತು. ಕೆರೆ ತುಂಬಿ ಕೋಡಿ ಬಿದ್ದು, ಒಡ್ಡಿನ ತುದಿಗೆ ಅಲೆ ಬಡಿಯುತ್ತಿತ್ತು. ಒಡೆದರೆ ಕೆಳಗಿನ ಹಳ್ಳಿಗಳು ಉಳಿಯುತ್ತಿರಲಿಲ್ಲ. ಮೂರು ದಿನ ನಾನು ಬರಿಗಾಲಲ್ಲಿ ಒಡ್ಡಿನ ಹಿಂಬದಿಯ ಬುಡದುದ್ದಕ್ಕೂ ನಡೆದಾಡಿದೆ, ಎಲ್ಲಾದರೂ ನೀರು ಒಸರುತ್ತಿದೆಯೇ ಎಂದು ಪ್ರತಿ ಹೆಜ್ಜೆಯನ್ನೂ ಒತ್ತಿ ನೋಡುತ್ತ. ಎಲ್ಲೂ ಇಲ್ಲ. ಮಳೆ ನಿಂತ ಮೇಲೆ ಊರಿನವರು ನನಗೆ ಹಾರ ಹಾಕಿದರು. ಹಾರವನ್ನು ಮನೆಯಲ್ಲಿಟ್ಟು ನೇರ ಚಾಚಾರ ಮನೆಗೆ ಹೋದೆ. ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿದ್ದೆ, ಹೋಗಿರಲಿಲ್ಲ.

ಮಂಚದ ಮೇಲೆ ಮುದುರಿಕೊಂಡು ಮಲಗಿದ್ದರು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ. "ಚಾಚಾ, ಆ ಕೆಲಸ ನಿಮಗ ತಪ್ಪಿಸಿದಾಂವ ನಾನು. ವಯಸ್ಸಾಗ್ಯದ, ಹೇಳಿದ ಮಾತು ಕೇಳಂಗಿಲ್ಲ ಅಂತ ನಾನಽ ಬರದೆ."

"ಗೊತ್ತದ. ದೊಡ್ಡ ಸಾಹೇಬ ಆವತ್ತಽ ಹೇಳಿದ್ರು" ಎಂದರು. ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ಸುಳ್ಳೇನು ಬರದಿಲ್ಲ ನೀ. ನಾ ಕೇಳಾಂವ ಅಲ್ಲ." ಮತ್ತೆ ಉಸಿರು. "ಒಡ್ಡು ಸೋರ್ತದೇನು?"

"ಇಲ್ಲ ಚಾಚಾ. ಒಂದು ಹನಿ ಇಲ್ಲ."

"ಹಂಗಾದ್ರ ಅದೂ ಬರೀಬೇಕಿತ್ತಲ್ಲ. ಅರ್ಧಾ ಯಾಕ ಬರದಿ?"

ಕಾಲು ಹಿಡಿಯಬೇಕೆಂದು ಹೋದವನು ನಾನು. ಆ ಹೊತ್ತಿನಲ್ಲೂ ನನಗೆ ಸಿಟ್ಟೇ ಬಂತು. ಅಳು ಬಂದದ್ದು ಬೀದಿಗೆ ಬಂದ ಮೇಲೆ. ಮರುದಿನ ಬೆಳಿಗ್ಗೆ ಕಚೇರಿಗೆ ಹೋದವನೇ ಹಳೆಯ ಕಡತ ತೆಗೆಸಲು ಹೇಳಿದೆ. ಆ ಕೆಲಸದ ಕಾಗದವೆಲ್ಲ ಯಾವತ್ತೋ ಹೈದರಾಬಾದಿಗೆ ಹೋಗಿದೆ ಎಂದರು. ಹೈದರಾಬಾದಿಗೆ ಬರೆದೆ. ಅಲ್ಲಿಂದ ಉತ್ತರ ಬರುವುದರೊಳಗೆ ಚಾಚಾ ತೀರಿಕೊಂಡರು. ಕಡತ ಸಿಗಲಿಲ್ಲ ಎಂದು ಆಮೇಲೆ ಉತ್ತರ ಬಂತು.

ಆ ಸರಕಾರವೂ ಈಗ ಇಲ್ಲ, ಆ ಕಚೇರಿಯೂ ಇಲ್ಲ. ಆದ್ದರಿಂದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಒಡ್ಡಿನ ನಡುಗೋಡೆಯ ಬುನಾದಿಯಿಂದ ತುದಿಯವರೆಗೆ ಪ್ರತಿ ಪದರಕ್ಕೂ ನೀರು ಹಾಕಿಸಿದವರು ಭಿಸ್ತಿ ಚಾಚಾ. ಹೇಳಿದ ಮಾತು ಕೇಳುತ್ತಿರಲಿಲ್ಲ. ಒಡ್ಡು ಸೋರುವುದಿಲ್ಲ.